ಹಾರ್ಮೋನನ್ನು ಅನುಕರಿಸುವ ಮದ್ದುಗಳು: ಶುಗರ್ ಮತ್ತು ತೂಕಕ್ಕೆ ಬಂದಿರುವ ಹೊಸ ಇಂಜೆಕ್ಷನ್‌ಗಳ ಬಗ್ಗೆ ತಿಳಿದಿರಬೇಕಾದ ವಿಷಯಗಳು



ವಾರಕ್ಕೊಂದು ಇಂಜೆಕ್ಷನ್ ಚುಚ್ಚಿಕೊಂಡರೆ ಶುಗರೂ ಇಳಿಯುತ್ತದೆ, ಹೊಟ್ಟೆಯೂ ಇಳಿಯುತ್ತದೆ ಎಂಬ ಮಾತು ಈಗ ಮದುವೆ ಚಪ್ಪರದಲ್ಲಿಯೂ ಕೇಳಿಬರುತ್ತಿದೆ. ಸಂಘದ ಸಭೆ ಮುಗಿದು ಚಹಾ ಕುಡಿಯುವ ಹೊತ್ತಿಗೆ ಹಲವು ಸದಸ್ಯರು ಇದನ್ನೇ ವಿಚಾರಿಸುತ್ತಿದ್ದಾರೆ. ಮದ್ದಿನ ಪೆಟ್ಟಿಗೆಯೊಳಗಿನ ಕಾಗದ ಇಂಗ್ಲಿಷಿನಲ್ಲಿದೆ, ಆಸ್ಪತ್ರೆಯ ಮಾತು ಹೆಚ್ಚಾಗಿ ಮಲಯಾಳದಲ್ಲಿ ನಡೆಯುತ್ತದೆ, ನಮ್ಮ ಮನೆಮಾತು ಕನ್ನಡ, ತುಳು, ಹವ್ಯಕ, ಕೊಂಕಣಿ, ಮರಾಟಿ ಹೀಗೆ ಹಲವು. ಈ ಮೂರರ ನಡುವೆ ಮುಖ್ಯವಾದ ಮಾತು ತಪ್ಪಿಹೋಗಬಾರದೆಂದು ಈ ಮಾಹಿತಿಯನ್ನು ಒಂದೆಡೆ ಸೇರಿಸಿದೆ. ನಾನು ವೈದ್ಯನಲ್ಲ, ಗುಮಾಸ್ತನಾಗಿ ನಿವೃತ್ತನಾದವನು. ಇದನ್ನು ಓದಿ ಯಾರೂ ಮದ್ದು ಪ್ರಾರಂಭಿಸುವುದಾಗಲಿ ನಿಲ್ಲಿಸುವುದಾಗಲಿ ಮಾಡಬಾರದು. ವೈದ್ಯರಲ್ಲಿ ಸರಿಯಾದ ಪ್ರಶ್ನೆ ಕೇಳುವಷ್ಟು ತಿಳುವಳಿಕೆ ಬಂದರೆ ಈ ಲೇಖನದ ಕೆಲಸ ಆಯಿತು.

ವಿಷಯ ನಮಗೆ ದೂರದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ದೇಶದ ಸರಾಸರಿ ಶೇ. 11.4 ಆದರೆ ಕೇರಳದ್ದು ಶೇ. 25.5. ಅಂದರೆ ನಮ್ಮ ರಾಜ್ಯದಲ್ಲಿ ಪ್ರಾಯಕ್ಕೆ ಬಂದ ನಾಲ್ವರಲ್ಲಿ ಒಬ್ಬರಿಗೆ ಈ ಕಾಯಿಲೆ. ಗೋವೆ ಮತ್ತು ಪುದುಚೇರಿಯ ಅನಂತರ ಹೆಚ್ಚಿನ ಪ್ರಮಾಣ ನಮ್ಮದೇ.

1. ಹಾರ್ಮೋನು ಎಂದರೇನು, ಅನುಕರಣೆ ಎಂದರೇನು?

ದೇಹದ ಒಂದು ಭಾಗ ಇನ್ನೊಂದು ಭಾಗಕ್ಕೆ ರಕ್ತದ ಮೂಲಕ ಕಳುಹಿಸುವ ಚೀಟಿಯೇ ಹಾರ್ಮೋನು. ನಾವು ಉಂಡ ಅನ್ನ ಕರುಳಿಗೆ ಇಳಿದಾಗ ಕರುಳಿನ ಗೋಡೆಯಲ್ಲಿರುವ ಕೆಲವು ಕೋಶಗಳು ಒಂದು ಚೀಟಿ ಹೊರಡಿಸುತ್ತವೆ. ಅದರ ಹೆಸರು ಜಿಎಲ್‌ಪಿ-1. ಆ ಚೀಟಿ ತಲುಪಿದಲ್ಲೆಲ್ಲ ಬೇರೆ ಬೇರೆ ಕೆಲಸ ನಡೆಯುತ್ತದೆ. ಮೇದೋಜೀರಕ ಗ್ರಂಥಿಗೆ ತಲುಪಿದರೆ ಅಲ್ಲಿಂದ ಇನ್ಸುಲಿನ್ ಹೊರಡುತ್ತದೆ, ಸಕ್ಕರೆ ಏರಿಸುವ ಗ್ಲೂಕಗಾನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಹೊಟ್ಟೆಗೆ ತಲುಪಿದರೆ ಅದು ಊಟವನ್ನು ನಿಧಾನವಾಗಿ ಕೆಳಕ್ಕೆ ಬಿಡುತ್ತದೆ. ಮಿದುಳಿಗೆ ತಲುಪಿದರೆ ‘ಸಾಕು, ಹೊಟ್ಟೆ ತುಂಬಿತು’ ಎಂಬ ತೃಪ್ತಿ ಬರುತ್ತದೆ.

ಇದರಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿರುವಾಗ ಮಾತ್ರ ಈ ಚೀಟಿ ಇನ್ಸುಲಿನ್ನನ್ನು ಹೊರಡಿಸುತ್ತದೆ. ಸಕ್ಕರೆ ಇಳಿದ ಮೇಲೆ ಒತ್ತಾಯ ಮಾಡುವುದಿಲ್ಲ. ಆದುದರಿಂದ ಈ ಮದ್ದು ಒಂಟಿಯಾಗಿ ಶುಗರನ್ನು ಅಪಾಯದ ಮಟ್ಟಕ್ಕೆ ಇಳಿಸುವುದು ಅಪರೂಪ. ಬೇರೆ ಮಾತ್ರೆಗಳ ಜೊತೆ ಸೇರಿದಾಗ ಹಾಗಲ್ಲ. ಅದನ್ನು ಮುಂದೆ ಹೇಳಿದೆ.

ನಮ್ಮ ದೇಹದ ಜಿಎಲ್‌ಪಿ-1 ಬಾಳುವುದು ಒಂದೆರಡು ನಿಮಿಷ. ಡಿಪಿಪಿ-4 ಎಂಬ ಕಿಣ್ವ ಆ ಚೀಟಿಯನ್ನು ಕೂಡಲೇ ಹರಿದು ಹಾಕುತ್ತದೆ. ವಿಜ್ಞಾನಿಗಳ ಮುಂದಿದ್ದ ದಾರಿ ಎರಡು. ಒಂದು, ಹರಿಯುವವನ ಕೈ ಹಿಡಿಯುವುದು. ನಮ್ಮಲ್ಲಿ ಅನೇಕರು ಈಗಾಗಲೇ ನುಂಗುತ್ತಿರುವ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಮಾತ್ರೆಗಳು ಮಾಡುವುದು ಇದನ್ನೇ. ಇನ್ನೊಂದು, ಹರಿಯಲಾಗದ ಕಾಗದದ ಮೇಲೆ ಅದೇ ಒಕ್ಕಣೆಯ ಚೀಟಿ ಬರೆದು ಹೊರಗಿನಿಂದ ಕಳುಹಿಸುವುದು. ಹೊಸ ಇಂಜೆಕ್ಷನ್‌ಗಳು ಮಾಡುವುದು ಇದನ್ನು. ಒಕ್ಕಣೆ ಒಂದೇ ಆದುದರಿಂದ ದೇಹ ಅದನ್ನು ತನ್ನದೇ ಚೀಟಿ ಎಂದು ಸ್ವೀಕರಿಸುತ್ತದೆ. ಸೆಮಾಗ್ಲುಟೈಡ್‌ನ ರಚನೆ ಮನುಷ್ಯನ ಜಿಎಲ್‌ಪಿ-1ಕ್ಕೆ ಶೇ. 94ರಷ್ಟು ಹೋಲುತ್ತದೆ. ಅದು ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಉಳಿಯುವುದರಿಂದ, ಒಂದು ವಾರ ಕಳೆದ ಮೇಲೂ ಸುಮಾರು ಅರ್ಧ ಪಾಲು ದೇಹದಲ್ಲಿರುತ್ತದೆ. ವಾರಕ್ಕೊಂದೇ ಇಂಜೆಕ್ಷನ್ ಸಾಕಾಗುವುದು ಇದೇ ಕಾರಣದಿಂದ.

2. ಈ ಮದ್ದು ಬಂದ ದಾರಿ

ಸಕ್ಕರೆ ನೀರನ್ನು ರಕ್ತನಾಳಕ್ಕೆ ಕೊಟ್ಟಾಗ ಬರುವುದಕ್ಕಿಂತ ಬಾಯಿಯ ಮೂಲಕ ಕೊಟ್ಟಾಗ ಇನ್ಸುಲಿನ್ ಹೆಚ್ಚು ಬರುತ್ತದೆ ಎಂಬುದು 1964ರಲ್ಲಿಯೇ ಗೊತ್ತಾಯಿತು. ಕರುಳು ಏನೋ ಸುದ್ದಿ ಕಳುಹಿಸುತ್ತಿದೆ ಎಂದಾಯಿತು. 1980ರ ದಶಕದಲ್ಲಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜೋಯಲ್ ಹ್ಯಾಬನರ್, ಸ್ವೆಟ್ಲಾನಾ ಮೊಯ್ಸೊವ್, ಡೇನಿಯಲ್ ಡ್ರಕರ್ ಹಾಗೂ ಡೆನ್ಮಾರ್ಕಿನ ಯೆನ್ಸ್ ಯೂಲ್ ಹೋಲ್ಸ್ಟ್ ಮೊದಲಾದವರ ಕೆಲಸದಿಂದ ಜಿಎಲ್‌ಪಿ-1ರ ಗುಟ್ಟು ಬಯಲಾಯಿತು.

ಎರಡು ನಿಮಿಷ ಬಾಳುವ ವಸ್ತುವನ್ನು ಮದ್ದು ಮಾಡುವುದು ಹೇಗೆ? ಇದಕ್ಕೆ ಉತ್ತರ ಬಂದದ್ದು ಅಮೆರಿಕದ ಮರುಭೂಮಿಯ ಹೀಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಿಂದ. ನೋಡಲು ದಪ್ಪ ಬಾಲದ ಸಣ್ಣ ಉಡದ ಹಾಗಿರುವ ಪ್ರಾಣಿ. 1992ರಲ್ಲಿ ಜಾನ್ ಎಂಗ್ ಎಂಬ ವೈದ್ಯರು ಅದರ ವಿಷದಲ್ಲಿ ಜಿಎಲ್‌ಪಿ-1ನ್ನು ಹೋಲುವ, ಬೇಗ ನಾಶವಾಗದ ವಸ್ತುವನ್ನು ಗುರುತಿಸಿದರು. ಅದರ ಆಧಾರದಲ್ಲಿ ತಯಾರಾದ ಎಕ್ಸೆನಟೈಡ್‌ಗೆ 2005ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದನ್ನು ದಿನಕ್ಕೆರಡು ಸಲ ಚುಚ್ಚಿಕೊಳ್ಳಬೇಕಿತ್ತು. ಅನಂತರ ದಿನಕ್ಕೊಮ್ಮೆಯ ಲಿರಾಗ್ಲುಟೈಡ್, 2017ರಲ್ಲಿ ವಾರಕ್ಕೊಮ್ಮೆಯ ಸೆಮಾಗ್ಲುಟೈಡ್, 2022ರಲ್ಲಿ ಟಿರ್ಜೆಪಟೈಡ್ ಬಂದವು. ಟಿರ್ಜೆಪಟೈಡ್ ಜಿಎಲ್‌ಪಿ-1ರ ಜೊತೆಗೆ ಜಿಐಪಿ ಎಂಬ ಇನ್ನೊಂದು ಕರುಳಿನ ಹಾರ್ಮೋನನ್ನೂ ಅನುಕರಿಸುತ್ತದೆ.

ಭಾರತದಲ್ಲಿ ಸೆಮಾಗ್ಲುಟೈಡ್ ಮಾತ್ರೆ (ರೈಬೆಲ್ಸಸ್) 2022ರ ಜನವರಿಯಲ್ಲಿ, ಟಿರ್ಜೆಪಟೈಡ್ (ಮೌಂಜಾರೊ) 2025ರ ಮಾರ್ಚ್‌ನಲ್ಲಿ, ತೂಕಕ್ಕಾಗಿ ಸೆಮಾಗ್ಲುಟೈಡ್ (ವೆಗೋವಿ) 2025ರ ಜೂನ್‌ನಲ್ಲಿ, ಶುಗರಿಗಾಗಿ ಅದೇ ಮದ್ದು (ಓಝೆಂಪಿಕ್) 2025ರ ಡಿಸೆಂಬರ್‌ನಲ್ಲಿ ಮಾರಾಟಕ್ಕೆ ಬಂದವು.

3. ಹೆಸರಿನ ಬಾಲ ನೋಡಿ ಗುರುತಿಸಿ

ಬ್ರಾಂಡಿನ ಹೆಸರು ನೂರಾರು ಇರಬಹುದು. ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ಹೆಸರಿನ ಕೊನೆಯನ್ನು ಓದಿದರೆ ಅದು ಯಾವ ಕುಟುಂಬದ ಮದ್ದೆಂದು ತಿಳಿಯುತ್ತದೆ.

• ‘ಗ್ಲುಟೈಡ್’ ಎಂದು ಕೊನೆಯಾಗುವವು (ಲಿರಾಗ್ಲುಟೈಡ್, ಡುಲಾಗ್ಲುಟೈಡ್, ಸೆಮಾಗ್ಲುಟೈಡ್): ಜಿಎಲ್‌ಪಿ-1ನ್ನು ಅನುಕರಿಸುವ ಮದ್ದುಗಳು. ಟಿರ್ಜೆಪಟೈಡ್ ಇವುಗಳ ಹತ್ತಿರದ ಸಂಬಂಧಿ.
• ‘ಗ್ಲಿಪ್ಟಿನ್’: ದೇಹದ್ದೇ ಜಿಎಲ್‌ಪಿ-1 ಬೇಗ ನಾಶವಾಗದಂತೆ ತಡೆಯುವ ಮಾತ್ರೆಗಳು. ತೂಕ ಇಳಿಸುವುದಿಲ್ಲ.
• ‘ಗ್ಲಿಫ್ಲೋಜಿನ್’ (ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್): ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆಗಳು.
• ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್: ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಹೊರಡಿಸುವ ಹಳೆಯ ಮಾತ್ರೆಗಳು.
• ಮೆಟ್‌ಫಾರ್ಮಿನ್: ಯಕೃತ್ತು ಸಕ್ಕರೆ ಬಿಡುಗಡೆ ಮಾಡುವುದನ್ನು ತಗ್ಗಿಸುವ ಮಾತ್ರೆ.

ಗ್ಲಿಪ್ಟಿನ್ ಮತ್ತು ಗ್ಲುಟೈಡ್ ಎರಡೂ ಒಂದೇ ದಾರಿಯಲ್ಲಿ ಕೆಲಸ ಮಾಡುವುದರಿಂದ ಒಟ್ಟಿಗೆ ತೆಗೆದುಕೊಂಡರೆ ಹೆಚ್ಚಿನ ಪ್ರಯೋಜನವಿಲ್ಲ. ಇಂಜೆಕ್ಷನ್ ಪ್ರಾರಂಭಿಸುವಾಗ ವೈದ್ಯರು ಸಾಮಾನ್ಯವಾಗಿ ಗ್ಲಿಪ್ಟಿನ್ ನಿಲ್ಲಿಸುತ್ತಾರೆ. ನಿಮ್ಮ ಚೀಟಿಯಲ್ಲಿ ಎರಡೂ ಇದ್ದರೆ ವಿಚಾರಿಸಿಕೊಳ್ಳಿ.

4. ಪ್ರಯೋಜನ ಎಷ್ಟು?

ಶುಗರಿನ ಮಟ್ಟಿಗೆ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಸುಮಾರು 1.5ರಿಂದ 2 ಅಂಶದಷ್ಟು ಇಳಿಕೆ ಸಿಗಬಹುದು. ತೂಕದ ಮಟ್ಟಿಗೆ, ಸಕ್ಕರೆ ಕಾಯಿಲೆ ಇಲ್ಲದವರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ 68 ವಾರ ಸೆಮಾಗ್ಲುಟೈಡ್ 2.4 ಮಿಲಿಗ್ರಾಂ ತೆಗೆದುಕೊಂಡವರ ತೂಕ ಸರಾಸರಿ ಶೇ. 14.9 ಇಳಿಯಿತು, ಮದ್ದಿಲ್ಲದ ಖಾಲಿ ಇಂಜೆಕ್ಷನ್ ಪಡೆದವರದ್ದು ಶೇ. 2.4. ಟಿರ್ಜೆಪಟೈಡ್‌ನ ಗರಿಷ್ಠ ಪ್ರಮಾಣದಲ್ಲಿ 72 ವಾರಕ್ಕೆ ಶೇ. 20.9 ಇಳಿಯಿತು.

ಆದರೆ ಪತ್ರಿಕೆಯಲ್ಲಿ ಈ ಅಂಕೆ ಓದಿದವರು ಇನ್ನೊಂದನ್ನೂ ತಿಳಿಯಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ತೂಕ ಇಷ್ಟು ಇಳಿಯುವುದಿಲ್ಲ. ಅಂಥವರ ಮೇಲೆ ಸೆಮಾಗ್ಲುಟೈಡ್‌ನ ಅದೇ ಪ್ರಮಾಣ ಕೊಟ್ಟು ನಡೆಸಿದ ಅಧ್ಯಯನದಲ್ಲಿ ಸರಾಸರಿ ಶೇ. 9.6 ಮಾತ್ರ ಇಳಿದಿದೆ. 80 ಕಿಲೋದವರಿಗೆ ಅದು ಏಳೆಂಟು ಕಿಲೋ. ಆರೋಗ್ಯಕ್ಕೆ ಅಷ್ಟೂ ಒಳ್ಳೆಯದೇ, ಆದರೆ ಪಕ್ಕದ ಮನೆಯವರಷ್ಟು ಇಳಿಯಲಿಲ್ಲವೆಂದು ಕಂಗೆಡಬೇಕಾಗಿಲ್ಲ.

ಹೃದಯದ ವಿಷಯದಲ್ಲಿ ಬಂದ ಫಲಿತಾಂಶ ಇನ್ನೂ ಮುಖ್ಯವಾದದ್ದು. ಹೃದಯದ ಕಾಯಿಲೆ ಮತ್ತು ಅಧಿಕ ತೂಕವಿದ್ದು ಸಕ್ಕರೆ ಕಾಯಿಲೆ ಇಲ್ಲದ 17,604 ಮಂದಿಯ ಅಧ್ಯಯನದಲ್ಲಿ (2023) ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಒಟ್ಟಿನಲ್ಲಿ ಶೇ. 20 ಕಡಿಮೆಯಾದವು. ಸಕ್ಕರೆ ಕಾಯಿಲೆಯ ಜೊತೆ ಕಿಡ್ನಿ ತೊಂದರೆ ಇರುವವರಲ್ಲಿಯೂ ಪ್ರಯೋಜನ 2024ರಲ್ಲಿ ರುಜುವಾತಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಈ ಕುಟುಂಬದ ಮದ್ದುಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಆದುದರಿಂದ ಇದನ್ನು ಶ್ರೀಮಂತರ ಶೋಕಿ ಎಂದು ತಳ್ಳಿಹಾಕುವುದೂ ಸರಿಯಲ್ಲ.

5. ನಿಲ್ಲಿಸಿದರೆ ಏನಾಗುತ್ತದೆ?

ಮದ್ದು ಪ್ರಾರಂಭಿಸುವ ಮೊದಲೇ ಕುಟುಂಬದವರೆಲ್ಲ ಕುಳಿತು ಮಾತಾಡಬೇಕಾದ ವಿಷಯ ಇದು. ಹೊರಗಿನಿಂದ ಚೀಟಿ ಬರುವುದು ನಿಂತರೆ ಕೆಲಸವೂ ನಿಲ್ಲುತ್ತದೆ. ಹಸಿವು ಮರಳಿ ಬರುತ್ತದೆ, ಹೊಟ್ಟೆ ಮೊದಲಿನ ವೇಗದಲ್ಲಿ ಖಾಲಿಯಾಗುತ್ತದೆ. ಮೇಲೆ ಹೇಳಿದ 68 ವಾರದ ಅಧ್ಯಯನದವರನ್ನು ಮದ್ದು ನಿಲ್ಲಿಸಿದ ಮೇಲೆ ಒಂದು ವರ್ಷ ಗಮನಿಸಿದಾಗ, ಇಳಿದ ತೂಕದ ಮೂರನೇ ಎರಡು ಪಾಲು ಮರಳಿ ಬಂದಿತ್ತು.

ರಕ್ತದೊತ್ತಡದ ಮಾತ್ರೆಯನ್ನು ನಾವು ಮೂರು ತಿಂಗಳ ಕೋರ್ಸ್ ಎಂದು ತಿಳಿಯುವುದಿಲ್ಲ. ಇದೂ ಹಾಗೆಯೇ ದೀರ್ಘಕಾಲದ ಮದ್ದು. ಅಡಿಕೆ ಮಾರಿದ ದುಡ್ಡು ಕೈಯಲ್ಲಿರುವಾಗ ನಾಲ್ಕು ತಿಂಗಳು ಚುಚ್ಚಿ, ಮಳೆಗಾಲದಲ್ಲಿ ಕೈ ಬರಿದಾದಾಗ ಬಿಟ್ಟರೆ ದುಡ್ಡೂ ಹೋಯಿತು, ತೂಕವೂ ಮರಳಿತು. ಹಾಗೆ ಮರಳುವ ತೂಕದಲ್ಲಿ ಕೊಬ್ಬೇ ಹೆಚ್ಚು.

6. ಯಾರಿಗೆ, ಯಾರಿಗಲ್ಲ?

ಎರಡನೇ ವಿಧದ ಸಕ್ಕರೆ ಕಾಯಿಲೆ ಮಾತ್ರೆಗಳಿಂದ ಹತೋಟಿಗೆ ಬಾರದವರಿಗೆ, ಅದರಲ್ಲಿಯೂ ತೂಕ ಹೆಚ್ಚಿರುವ ಅಥವಾ ಹೃದಯ, ಕಿಡ್ನಿ ತೊಂದರೆ ಇರುವವರಿಗೆ ವೈದ್ಯರು ಇದನ್ನು ಸೂಚಿಸುತ್ತಾರೆ. ಕೇವಲ ತೂಕಕ್ಕಾಗಿ ಕೊಡುವುದಾದರೆ ದೇಹತೂಕ ಸೂಚ್ಯಂಕ (ಬಿಎಂಐ) 30 ಅಥವಾ ಹೆಚ್ಚು, ಇಲ್ಲವೇ ರಕ್ತದೊತ್ತಡದಂಥ ಜೊತೆ ಕಾಯಿಲೆ ಇದ್ದು 27 ಅಥವಾ ಹೆಚ್ಚು ಇರಬೇಕೆಂದು ಸಾಮಾನ್ಯ ನಿಯಮ. 160 ಸೆಂಟಿಮೀಟರ್ ಎತ್ತರದವರಿಗೆ 27 ಎಂದರೆ ಸುಮಾರು 69 ಕಿಲೋ, 30 ಎಂದರೆ ಸುಮಾರು 77 ಕಿಲೋ.

ಈ ಕೆಳಗಿನವರು ತಮ್ಮ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಬೇಕು:

• ತನಗೆ ಅಥವಾ ರಕ್ತಸಂಬಂಧಿಗಳಿಗೆ ಥೈರಾಯ್ಡಿನ ‘ಮೆಡುಲ್ಲರಿ’ ಎಂಬ ಅಪರೂಪದ ಕ್ಯಾನ್ಸರ್ ಬಂದವರು. ಅವರಿಗೆ ಇದು ಸಲ್ಲದು. ಸಾಮಾನ್ಯ ಥೈರಾಯ್ಡ್ ಮಾತ್ರೆ ನುಂಗುವವರಿಗೆ ಇದು ಅಡ್ಡಿಯಲ್ಲ.
• ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತ ಆದವರು, ಪಿತ್ತಕೋಶದಲ್ಲಿ ಕಲ್ಲು ಇರುವವರು.
• ಸಕ್ಕರೆ ಕಾಯಿಲೆಯಿಂದ ಕಣ್ಣಿನ ಅಕ್ಷಿಪಟಲಕ್ಕೆ ತೊಂದರೆ ಆದವರು. ಶುಗರ್ ಬೇಗನೆ ಇಳಿದಾಗ ಅದು ಕೆಲವೊಮ್ಮೆ ಉಲ್ಬಣಿಸುತ್ತದೆ. ಮೊದಲು ಕಣ್ಣು ಪರೀಕ್ಷೆ ಆಗಲಿ.
• ಗರ್ಭಿಣಿಯರು, ಹಾಲೂಡಿಸುವವರು, ಮಗುವಿನ ಯೋಚನೆಯಲ್ಲಿರುವವರು. ಗರ್ಭ ಧರಿಸುವ ಕನಿಷ್ಠ 2 ತಿಂಗಳ ಮೊದಲೇ ಸೆಮಾಗ್ಲುಟೈಡ್ ನಿಲ್ಲಿಸಬೇಕು. ಟಿರ್ಜೆಪಟೈಡ್ ತೆಗೆದುಕೊಳ್ಳುವಾಗ ಗರ್ಭನಿರೋಧಕ ಮಾತ್ರೆಯ ಪರಿಣಾಮ ತಗ್ಗಬಹುದು.
• ಮೊದಲನೇ ವಿಧದ ಸಕ್ಕರೆ ಕಾಯಿಲೆಯವರು. ಅವರಿಗೆ ಇನ್ಸುಲಿನ್ನೇ ಬೇಕು. ಇದು ಅದರ ಬದಲಿ ಅಲ್ಲ.
• ಶಸ್ತ್ರಚಿಕಿತ್ಸೆ ಅಥವಾ ಎಂಡೋಸ್ಕೋಪಿ ನಿಶ್ಚಯವಾದವರು. ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಅರಿವಳಿಕೆ ಕೊಡುವ ವೈದ್ಯರಿಗೆ ಈ ಮದ್ದಿನ ವಿಷಯ ಗೊತ್ತಿರಬೇಕು.

7. ಹಳೆಯ ಮಾತ್ರೆಯ ಜೊತೆ ಸೇರಿದಾಗ

ನಮ್ಮ ಊರಿನ ಮಟ್ಟಿಗೆ ನನಗೆ ಹೆಚ್ಚು ಆತಂಕವಿರುವುದು ಇಲ್ಲಿಯೇ. ನಮ್ಮಲ್ಲಿ ಅನೇಕರಿಗೆ ಇಬ್ಬರು ವೈದ್ಯರು. ತಿಂಗಳ ಮಾತ್ರೆ ಊರಿನ ಸರಕಾರಿ ಆರೋಗ್ಯ ಕೇಂದ್ರದ ಜೀವನಶೈಲಿ ರೋಗಗಳ ಕ್ಲಿನಿಕ್ಕಿನಿಂದ; ತಜ್ಞರ ಸಲಹೆ ಕಾಸರಗೋಡಿನಿಂದ ಅಥವಾ ಗಡಿ ದಾಟಿ ಮಂಗಳೂರಿನಿಂದ. ಚೀಟಿ ಎರಡು, ರಾಜ್ಯ ಎರಡು. ಒಬ್ಬರು ಬರೆದುಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಗಿದ್ದರೂ ಈ ಓಡಾಟ ಇನ್ನೂ ತಪ್ಪಿಲ್ಲ.

ಹೀಗಿರುವಾಗ, ಮಂಗಳೂರಿನಲ್ಲಿ ಹೊಸ ಇಂಜೆಕ್ಷನ್ ಬರೆಸಿಕೊಂಡು, ಇಲ್ಲಿ ಸಿಗುವ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ನನ್ನು ಮೊದಲಿನಷ್ಟೇ ಮುಂದುವರಿಸಿದರೆ ಏನಾದೀತು? ಇಂಜೆಕ್ಷನ್‌ನಿಂದ ಊಟ ಅರ್ಧಕ್ಕೆ ಇಳಿದಿರುತ್ತದೆ. ಗ್ಲಿಮೆಪಿರೈಡ್ ಮಾತ್ರ ಊಟದ ಲೆಕ್ಕ ನೋಡದೆ ಇನ್ಸುಲಿನ್ ಹೊರಡಿಸುತ್ತದೆ. ಶುಗರ್ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ಕೈ ನಡುಕ, ಎದೆ ಹೊಡೆದುಕೊಳ್ಳುವುದು, ಕಣ್ಣು ಮಂಜಾಗುವುದು, ಏನೇನೋ ಮಾತಾಡುವುದು ಇದರ ಲಕ್ಷಣ. ಪ್ರಾಯ ಸಂದವರು ರಾತ್ರಿ ಮೂತ್ರಕ್ಕೆಂದು ಎದ್ದಾಗ ಬೀಳುವುದೂ ಇದರಿಂದ ಆಗಬಹುದು. ಕೂಡಲೇ 3 ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು, 15 ನಿಮಿಷ ಬಿಟ್ಟು ಪುನಃ ಪರೀಕ್ಷಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಪರಿಹಾರ ಸುಲಭವಿದೆ. ಹೊಸ ಇಂಜೆಕ್ಷನ್ ಬರೆಯುವ ವೈದ್ಯರಿಗೆ ಹಳೆಯ ಎಲ್ಲ ಮಾತ್ರೆಗಳನ್ನು ತೋರಿಸಿ, ‘ಇದರಲ್ಲಿ ಯಾವುದನ್ನು ಕಡಿಮೆ ಮಾಡಬೇಕು?’ ಎಂದು ಕೇಳಿ ಬರೆಸಿಕೊಳ್ಳಿ. ಆ ಚೀಟಿಯ ಜೆರಾಕ್ಸ್ ಊರಿನ ಕ್ಲಿನಿಕ್ಕಿಗೂ ಕೊಡಿ.

8. ಬರಬಹುದಾದ ತೊಂದರೆಗಳು

ಸಾಮಾನ್ಯವಾದವು: ಓಕರಿಕೆ, ವಾಂತಿ, ಭೇದಿ ಅಥವಾ ಮಲಬದ್ಧತೆ, ಹುಳಿತೇಗು. ಪ್ರಮಾಣ ಏರಿಸಿದ ವಾರಗಳಲ್ಲಿ ಹೆಚ್ಚು, ಮತ್ತೆ ಕಡಿಮೆಯಾಗುತ್ತದೆ. ಸಣ್ಣ ಪ್ರಮಾಣದಿಂದ ಪ್ರಾರಂಭಿಸಿ ಏರಿಸುವುದು ಇದಕ್ಕಾಗಿಯೇ. ಸೆಮಾಗ್ಲುಟೈಡ್ ಇಂಜೆಕ್ಷನ್ 0.25 ಮಿಲಿಗ್ರಾಂನಿಂದ, ಟಿರ್ಜೆಪಟೈಡ್ 2.5 ಮಿಲಿಗ್ರಾಂನಿಂದ ಪ್ರಾರಂಭವಾಗಿ, ಮೊದಲ 4 ವಾರ ಅಷ್ಟೇ ಇರುತ್ತದೆ. ಬೇಗ ತೂಕ ಇಳಿಯಲೆಂದು ತಾವೇ ಏರಿಸಿಕೊಳ್ಳಬಾರದು.

ವಾಂತಿಭೇದಿ ಹೆಚ್ಚಾದರೆ ದೇಹದ ನೀರು ಬತ್ತಿ ಕಿಡ್ನಿಗೆ ಪೆಟ್ಟಾಗುತ್ತದೆ. ಗಂಜಿ ತೆಳಿ, ಮಜ್ಜಿಗೆ ಕುಡಿಯುತ್ತಿರಿ. ಅದೂ ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಿ. ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾಗದ ನೋವು ಬಂದು ಬೆನ್ನಿಗೆ ಹರಡಿದರೆ, ಕಣ್ಣು ಹಳದಿಯಾದರೆ, ಒಮ್ಮೆಲೇ ಒಂದು ಕಣ್ಣು ಕಾಣದಾದರೆ ಮರುದಿನಕ್ಕೆ ಕಾಯಬಾರದು. ಇವು ಅಪರೂಪ, ಆದರೆ ತಡಮಾಡಿದರೆ ಅಪಾಯ.

9. ತೆಗೆದುಕೊಳ್ಳುವ ಕ್ರಮ

ಇಂಜೆಕ್ಷನ್ ಹೊಟ್ಟೆ, ತೊಡೆ ಅಥವಾ ತೋಳಿನ ಚರ್ಮದಡಿಗೆ. ಪ್ರತಿ ವಾರ ಒಂದೇ ದಿನ, ಜಾಗ ಮಾತ್ರ ಬದಲಿಸುತ್ತಿರಬೇಕು. ಊಟಕ್ಕೂ ಇದಕ್ಕೂ ಸಂಬಂಧವಿಲ್ಲ. ಮರೆತುಹೋದರೆ ಓಝೆಂಪಿಕ್ಕಿಗೆ 5 ದಿನದೊಳಗೆ, ಮೌಂಜಾರೊಗೆ 4 ದಿನದೊಳಗೆ ತೆಗೆದುಕೊಳ್ಳಬಹುದು. ಅದೂ ದಾಟಿದರೆ ಮುಂದಿನ ಸರದಿಗೆ ಕಾಯಬೇಕು. ಎರಡು ಒಟ್ಟಿಗೆ ಬೇಡ.

ಇನ್ಸುಲಿನ್ ಪೆನ್ನೂ ಇದರ ಪೆನ್ನೂ ನೋಡಲು ಒಂದೇ ತರಹ. ಅದು ದಿನವೂ, ಇದು ವಾರಕ್ಕೊಮ್ಮೆ. ಒಂದೇ ಮನೆಯಲ್ಲಿ ಎರಡೂ ಇದ್ದರೆ ಬೇರೆ ಬೇರೆ ಡಬ್ಬಿಯಲ್ಲಿಟ್ಟು, ವಾರದ ಪೆನ್ನಿನ ಡಬ್ಬಿಯ ಮೇಲೆ ‘ಭಾನುವಾರ ಮಾತ್ರ’ ಎಂಬಂತೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದಿಡಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಸೆಮಾಗ್ಲುಟೈಡ್ ಮಾತ್ರೆಯ ಕ್ರಮ ಬೇರೆ. ಬೆಳಗ್ಗೆ ಎದ್ದು ಖಾಲಿ ಹೊಟ್ಟೆಗೆ, ಅರ್ಧ ಲೋಟದಷ್ಟು (120 ಮಿಲಿಲೀಟರ್ ಮೀರದಂತೆ) ಬರೀ ನೀರಿನಲ್ಲಿ ಇಡಿಯಾಗಿ ನುಂಗಬೇಕು. ಮತ್ತೆ 30 ನಿಮಿಷ ಕಾಫಿ, ಕಷಾಯ, ತಿಂಡಿ, ಬೇರೆ ಮಾತ್ರೆ ಯಾವುದೂ ಕೂಡದು. ಥೈರಾಯ್ಡ್ ಮಾತ್ರೆಯೂ ಖಾಲಿ ಹೊಟ್ಟೆಯದ್ದೇ ಆದುದರಿಂದ ಎರಡೂ ಇರುವವರು ಸಮಯವನ್ನು ವೈದ್ಯರಲ್ಲಿ ಕೇಳಿ ಗೊತ್ತುಮಾಡಿಕೊಳ್ಳಬೇಕು.

ತೆರೆಯದ ಪೆನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ, ಫ್ರಿಜ್ಜಿನ ಕೆಳಗಿನ ಭಾಗದಲ್ಲಿರಬೇಕು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಹೆಪ್ಪುಗಟ್ಟಿದ ಮದ್ದು ಕರಗಿದರೂ ಪ್ರಯೋಜನಕ್ಕಿಲ್ಲ. ಗಾಳಿಮಳೆಗೆ ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ಪದೇ ಪದೇ ತೆರೆಯಬೇಡಿ. ಫ್ರಿಜ್ಜಿನ ಹೊರಗೆ ಎಷ್ಟು ದಿನ ಇಡಬಹುದೆಂಬುದು ಬ್ರಾಂಡಿನಿಂದ ಬ್ರಾಂಡಿಗೆ ಬೇರೆ. ಮದ್ದಿನಂಗಡಿಯಲ್ಲಿ ಕೇಳಿ ಪೆಟ್ಟಿಗೆಯ ಮೇಲೆ ಬರೆಸಿಕೊಳ್ಳಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬಾರದು.

10. ಮಲಯಾಳದಲ್ಲಿ ಹೇಳಿದಾಗ

ಆಸ್ಪತ್ರೆಯಲ್ಲಿ ಕೇಳಿಬರುವ ಕೆಲವು ಮಾತುಗಳ ಅರ್ಥ ಗೊತ್ತಿದ್ದರೆ ಒಳ್ಳೆಯದು. ‘ಪ್ರಮೇಹಂ’ ಎಂದರೆ ಸಕ್ಕರೆ ಕಾಯಿಲೆ. ‘ಅಮಿತವಣ್ಣಂ’ ಎಂದರೆ ಬೊಜ್ಜು. ‘ಕುತ್ತಿವೆಪ್ಪ್’ ಎಂದರೆ ಇಂಜೆಕ್ಷನ್. ‘ಗುಳಿಗ’ ಎಂದರೆ ಮಾತ್ರೆ. ನಮ್ಮ ಗುಳಿಗ ದೈವವಲ್ಲ! ‘ಭಕ್ಷಣತ್ತಿನು ಮುಂಬ್’ ಊಟಕ್ಕೆ ಮೊದಲು, ‘ಭಕ್ಷಣತ್ತಿನು ಶೇಷಂ’ ಊಟದ ಅನಂತರ. ‘ದಿವಸವುಂ’ ಎಂದರೆ ಪ್ರತಿದಿನ, ‘ಆಳ್ಚಯಿಲ್ ಒರಿಕ್ಕಲ್’ ಎಂದರೆ ವಾರಕ್ಕೊಮ್ಮೆ. ಈ ಕೊನೆಯ ಎರಡನ್ನು ಅದಲು ಬದಲು ಮಾಡಿಕೊಂಡರೆ ಆಗುವ ಅನಾಹುತ ಸಣ್ಣದಲ್ಲ. ಅರ್ಥವಾಗದಿದ್ದರೆ ಸಂಕೋಚಪಡದೆ ಪುನಃ ಕೇಳಿ, ಕನ್ನಡ ಬಲ್ಲ ನರ್ಸ್ ಇದ್ದರೆ ಅವರಲ್ಲಿ ಹೇಳಿಸಿಕೊಳ್ಳಿ.

11. ಊಟ ಮತ್ತು ಸ್ನಾಯುಬಲ

ಇಳಿಯುವ ತೂಕವೆಲ್ಲ ಕೊಬ್ಬಲ್ಲ. ಸೆಮಾಗ್ಲುಟೈಡ್ ಅಧ್ಯಯನದ ಒಂದು ಗುಂಪನ್ನು ಸ್ಕ್ಯಾನ್ ಮಾಡಿ ನೋಡಿದಾಗ ಇಳಿದ ತೂಕದ ಸುಮಾರು ಶೇ. 40 ಕೊಬ್ಬಲ್ಲದ ಭಾಗವಾಗಿತ್ತು. ಅದರಲ್ಲಿ ಸ್ನಾಯುವೂ ಸೇರಿದೆ. ಭಾರತೀಯರಿಗೆ ಇದು ಹೆಚ್ಚು ಕಾಳಜಿಯ ವಿಷಯ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್‌ಕಿನ್ 2004ರಲ್ಲಿ ತಮ್ಮಿಬ್ಬರನ್ನೇ ಉದಾಹರಣೆಯಾಗಿ ತೋರಿಸಿದರು: ಇಬ್ಬರ ಬಿಎಂಐ 22.3, ಆದರೆ ದೇಹದ ಕೊಬ್ಬು ಯುಡ್‌ಕಿನ್ನರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2. ನೋಡಲು ಸಪೂರವಿದ್ದರೂ ನಮ್ಮಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಇದ್ದ ಸ್ನಾಯುವನ್ನೂ ಕಳೆದುಕೊಂಡರೆ ಅರುವತ್ತು ದಾಟಿದವರಿಗೆ ಮೆಟ್ಟಿಲು ಹತ್ತುವುದೇ ಕಷ್ಟ.

ಆದುದರಿಂದ ತಿನ್ನುವುದು ಕಡಿಮೆಯಾದಾಗ ತಿನ್ನುವ ವಸ್ತು ಒಳ್ಳೆಯದಿರಬೇಕು. ಹಸಿವಿಲ್ಲವೆಂದು ಎರಡು ಸೌಟು ಗಂಜಿ, ಉಪ್ಪಿನಕಾಯಿಯಲ್ಲಿ ಮುಗಿಸಬಾರದು. ಹೆಸರು, ಕಡಲೆ, ಹುರುಳಿ, ಮೊಸರು, ತಿನ್ನುವವರಿಗೆ ಮೊಟ್ಟೆ, ಬೂತಾಯಿ, ಬಂಗುಡೆ ಪ್ರತಿ ಹೊತ್ತಿನಲ್ಲಿಯೂ ಇರಲಿ. ಪಲ್ಯ, ಬೇಳೆ ಮೊದಲು ತಿಂದು ಅನ್ನವನ್ನು ಕೊನೆಗೆ ತಿಂದರೆ ಊಟದ ಅನಂತರ ಶುಗರ್ ಏರುವುದು ಕಡಿಮೆ. ಇದು ಮದ್ದು ತೆಗೆದುಕೊಳ್ಳದವರಿಗೂ ಅನ್ವಯಿಸುತ್ತದೆ. ನಡಿಗೆಯ ಜೊತೆಗೆ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು, ನೀರಿನ ಕೊಡಪಾನ ಎತ್ತುವುದು, ತೋಟದ ಕೆಲಸ ಮುಂತಾದ ಬಲ ಹಾಕುವ ಕೆಲಸವೂ ಬೇಕು. ಸಮಾರಂಭದ ಊಟದಲ್ಲಿ ಹೋಳಿಗೆ, ಪಾಯಸವನ್ನು ಮೊದಲಿನಂತೆ ಬಡಿಸಿಕೊಂಡರೆ ನಿಧಾನಗತಿಯ ಹೊಟ್ಟೆ ವಾಂತಿಯ ಮೂಲಕ ಉತ್ತರ ಕೊಡುತ್ತದೆ.

12. ಬೆಲೆ ಮತ್ತು ಖರೀದಿ

ಮೌಂಜಾರೊ ಭಾರತಕ್ಕೆ ಬಂದಾಗ 2.5 ಮಿಲಿಗ್ರಾಂನ ಒಂದು ಸೀಸೆಗೆ ರೂ. 3,500, 5 ಮಿಲಿಗ್ರಾಂಗೆ ರೂ. 4,375 ಇತ್ತು. ಅಂದರೆ ತಿಂಗಳಿಗೆ ಕನಿಷ್ಠ ರೂ. 14,000. ವೆಗೋವಿಯ ಪ್ರಾರಂಭದ ಪ್ರಮಾಣ ತಿಂಗಳಿಗೆ ರೂ. 17,345 ಇದ್ದದ್ದು 2025ರ ನವೆಂಬರ್‌ನಲ್ಲಿ ರೂ. 10,850ಕ್ಕೆ ಇಳಿಯಿತು. ಓಝೆಂಪಿಕ್ ವಾರಕ್ಕೆ ರೂ. 2,200ರಿಂದ ಪ್ರಾರಂಭವಾಯಿತು. ಭಾರತದಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ 2026ರ ಮಾರ್ಚ್‌ಗೆ ಮುಗಿದು ನಮ್ಮ ದೇಶದ ಕಂಪೆನಿಗಳಿಗೂ ದಾರಿ ತೆರೆದಿದೆ. ಬೆಲೆ ಇಳಿದಂತೆ ಈ ಮದ್ದು ಸಣ್ಣ ಪೇಟೆಗಳಿಗೂ ಬರುತ್ತದೆ. ಪ್ರಾರಂಭದ ಪ್ರಮಾಣದ ಬೆಲೆ ಮಾತ್ರ ಕೇಳಿ ನಿಶ್ಚಯಿಸಬೇಡಿ. ಏರಿಸಿದ ಪ್ರಮಾಣಕ್ಕೆ ತಿಂಗಳಿಗೆ ಎಷ್ಟು, ವರ್ಷಕ್ಕೆ ಎಷ್ಟು ಎಂದು ಲೆಕ್ಕ ಹಾಕಿ.

ಇದು ವೈದ್ಯರ ಚೀಟಿ ಇಲ್ಲದೆ ಮಾರಕೂಡದ ಮದ್ದು. ನಕಲಿ ಓಝೆಂಪಿಕ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಎಚ್ಚರಿಕೆ ಹೊರಡಿಸಿತ್ತು. ವಾಟ್ಸಾಪಿನಲ್ಲಿ ಬಂದ ನಂಬರಿಗೆ ದುಡ್ಡು ಕಳುಹಿಸಿ ತರಿಸಬೇಡಿ. ಗಲ್ಫಿನಿಂದ ಬರುವ ಬಂಧುಗಳಲ್ಲಿ ತರಿಸುವವರು, ಆ ಪೆನ್ನು ದಾರಿಯುದ್ದಕ್ಕೂ ತಂಪಿನಲ್ಲಿತ್ತೇ ಎಂಬುದನ್ನು ಯೋಚಿಸಬೇಕು. ಬಿಲ್ಲು ಪಡೆಯಿರಿ, ಬ್ಯಾಚ್ ನಂಬರು, ಅವಧಿ ನೋಡಿಕೊಳ್ಳಿ. ಒಬ್ಬರ ಪೆನ್ನನ್ನು ಸೂಜಿ ಬದಲಿಸಿದರೂ ಇನ್ನೊಬ್ಬರು ಉಪಯೋಗಿಸಬಾರದು.

ಕೈಗೆ ಎಟಕದಿದ್ದರೆ? ನಿರಾಶರಾಗಬೇಕಾಗಿಲ್ಲ. ಮೆಟ್‌ಫಾರ್ಮಿನ್ ಇಂದಿಗೂ ಒಳ್ಳೆಯ ಮದ್ದೇ, ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ. ಗ್ಲಿಪ್ಟಿನ್ ಮತ್ತು ಗ್ಲಿಫ್ಲೋಜಿನ್‌ಗಳಲ್ಲಿ ಹಲವು ಪೇಟೆಂಟ್ ಮುಗಿದು ಅಗ್ಗವಾಗಿವೆ. ಜನೌಷಧಿ, ನೀತಿ, ಕಾರುಣ್ಯ ಅಂಗಡಿಗಳಲ್ಲಿ ವಿಚಾರಿಸಿ.

13. ಸದಸ್ಯರು ಕೇಳಿದ ಕೆಲವು ಪ್ರಶ್ನೆಗಳು

*ಇದು ಇನ್ಸುಲಿನ್ನೇ?* ಅಲ್ಲ. ಇನ್ಸುಲಿನ್ ಹೊರಡಲು ಹೇಳುವ ಚೀಟಿ. ಗ್ರಂಥಿಯಲ್ಲಿ ಇನ್ಸುಲಿನ್ ಉಳಿದಿರದಿದ್ದರೆ ಚೀಟಿಯಿಂದ ಮಾತ್ರ ಶುಗರ್ ಹತೋಟಿಗೆ ಬರುವುದಿಲ್ಲ.

*ಮಗಳ ಮದುವೆಗೆ ಮೂರು ತಿಂಗಳಿದೆ, ಐದಾರು ಕಿಲೋ ಇಳಿಸಲು ತೆಗೆದುಕೊಳ್ಳಬಹುದೇ?* ಅದಕ್ಕಾಗಿ ಇರುವ ಮದ್ದಲ್ಲ. ಮೂರು ತಿಂಗಳಲ್ಲಿ ಪ್ರಮಾಣ ಏರಿಸುವುದೇ ಮುಗಿದಿರುವುದಿಲ್ಲ.

*ಚಟ ಹಿಡಿಯುತ್ತದೆಯೇ?* ಇಲ್ಲ. ನಿಲ್ಲಿಸಿದಾಗ ಹಸಿವು ಮರಳುವುದು ಚಟವಲ್ಲ, ದೇಹದ ಹಳೆಯ ಸ್ಥಿತಿ.

*ಏಕಾದಶಿ, ರಂಜಾನ್ ಉಪವಾಸ ಮಾಡಬಹುದೇ?* ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಜೊತೆಗಿದ್ದರೆ ವೈದ್ಯರನ್ನು ಕೇಳದೆ ಮಾಡಬೇಡಿ. ನೀರೂ ಕುಡಿಯದ ಉಪವಾಸದಲ್ಲಿ ಕಿಡ್ನಿಯ ಬಗ್ಗೆಯೂ ಎಚ್ಚರ ಬೇಕು.

*‘ನೈಸರ್ಗಿಕ ಓಝೆಂಪಿಕ್’ ಎಂಬ ಪುಡಿ ಬರುತ್ತದಲ್ಲ?* ಮೆಂತೆ, ಹಾಗಲಕಾಯಿ ಊಟದಲ್ಲಿರಲಿ. ಆದರೆ ಈ ಹಾರ್ಮೋನಿನ ಜಾಗದಲ್ಲಿ ವಾರವಿಡೀ ನಿಂತು ಕೆಲಸ ಮಾಡುವ ಪುಡಿ ಯಾವುದೂ ಇಲ್ಲ. ಅದನ್ನು ನಂಬಿ ಇರುವ ಮಾತ್ರೆ ಬಿಡಬೇಡಿ.

14. ವೈದ್ಯರಲ್ಲಿಗೆ ಹೋಗುವಾಗ

ಒಂದು ಹಳೆಯ ನೋಟುಪುಸ್ತಕದಲ್ಲಿ ಇಷ್ಟನ್ನು ಬರೆದುಕೊಂಡು ಹೋಗಿ: ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು ಮತ್ತು ಪ್ರಮಾಣ; ಕೊನೆಯ ಎಚ್‌ಬಿಎ1ಸಿ, ಕಿಡ್ನಿಯ ಪರೀಕ್ಷೆ (ಕ್ರಿಯಾಟಿನಿನ್), ಕಣ್ಣಿನ ಪರೀಕ್ಷೆಯ ದಿನಾಂಕ; ಎತ್ತರ, ತೂಕ; ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತೇ; ಹಿಂದೆ ಆದ ಶಸ್ತ್ರಚಿಕಿತ್ಸೆಗಳು. ಕೇಳಬೇಕಾದ ಪ್ರಶ್ನೆ ನಾಲ್ಕು: ನನಗೆ ಇದು ಯಾಕೆ? ಹಳೆಯದರಲ್ಲಿ ಯಾವುದು ಕಡಿಮೆಯಾಗಬೇಕು? ವರ್ಷಕ್ಕೆ ಎಷ್ಟು ಖರ್ಚು? ಮುಂದೆ ನಿಲ್ಲಿಸಬೇಕಾಗಿ ಬಂದರೆ ಹೇಗೆ?

ಈ ಲೇಖನದ ದೊಡ್ಡ ಅಕ್ಷರದ ಮುದ್ರಿತ ಪ್ರತಿಗಳನ್ನು ಸಂಘದ ವಾಚನಾಲಯದಲ್ಲಿ ಇಡಲಾಗುವುದು. ಕಣ್ಣು ಮಂಜಾದ ಹಿರಿಯರು ಮನೆಯಲ್ಲಿದ್ದರೆ ಕಿರಿಯರು ಓದಿ ಹೇಳಬೇಕಾಗಿ ವಿನಂತಿ. ಮುಖ್ಯವಾಗಿ ಏಳನೇ ಮತ್ತು ಒಂಬತ್ತನೇ ಭಾಗಗಳನ್ನು ಎರಡು ಸಲ ಓದಿ ಹೇಳಿ.

— ಕಾರ್ಯದರ್ಶಿ, ಬದಿಯಡ್ಕ